ಓಪನ್‌ಫ್ಲೋ ಸ್ವಿಚ್‌ಗಳ ಮೇಲೆ ಓಎಸ್‌ಪಿಎಫ್, ಬಿಜಿಪಿ ಓಡಿಸುವುದು: ಈಗ ಯಾವ ಟೂಲ್ ಹಿಡಿಯಬೇಕು?

ಎಂಟೆಕ್_ಪ್ರಾಜೆಕ್ಟ್:

ಎಲ್ಲರಿಗೂ ನಮಸ್ಕಾರ. ಎಂ.ಟೆಕ್ ಪ್ರಾಜೆಕ್ಟ್‌ಗೆ ಒಂದು ವಿಷಯ ಹಿಡಿದಿದ್ದೇನೆ. ಓಪನ್‌ಫ್ಲೋ ಸ್ವಿಚ್‌ಗಳ (ಪ್ಯಾಕೆಟ್ ಎಲ್ಲಿಗೆ ಕಳಿಸಬೇಕೆಂದು ಕಂಟ್ರೋಲರ್ ಎಂಬ ಹೊರಗಿನ ಪ್ರೋಗ್ರಾಂ ಹೇಳಿಕೊಡುವ ಸ್ವಿಚ್‌ಗಳ) ಜಾಲದಲ್ಲಿ ಮಾಮೂಲಿ ಐಪಿ ರೂಟಿಂಗ್ ನಡೆಸಬೇಕು. ಹೊರಗಿನಿಂದ ನೋಡುವವರಿಗೆ ಅದು ಓಎಸ್‌ಪಿಎಫ್ (ಜಾಲದ ಒಳಗಿನ ರೂಟರ್‌ಗಳು ಪರಸ್ಪರ ದಾರಿ ಕಲಿಯುವ ಪ್ರೋಟೋಕಾಲ್) ಓಡಿಸುವ ಸಾಧಾರಣ ರೂಟರ್‌ಗಳ ಜಾಲದಂತೆಯೇ ಕಾಣಬೇಕು. ಹುಡುಕಿದಾಗ ಇದನ್ನೇ ಮಾಡುವ ರೂಟ್‌ಫ್ಲೋ ಎಂಬ ಓಪನ್ ಸೋರ್ಸ್ ಪ್ರಾಜೆಕ್ಟ್ ಸಿಕ್ಕಿತು. ಓದೋಕೆ ಚೆನ್ನಾಗಿದೆ, ಆದರೆ ಕೋಡ್ ಪೈಥಾನ್ 2 ಕಾಲದ್ದು. ಈಗಿನ ಉಬುಂಟುವಿನಲ್ಲಿ ಅದನ್ನು ಎಬ್ಬಿಸುವುದೇ ಕಷ್ಟ. ಅದನ್ನೇ ಹೇಗಾದರೂ ಓಡಿಸಲಾ, ಬೇರೆ ದಾರಿ ಇದೆಯಾ? ಕಂಟ್ರೋಲರ್ ಬರೆಯುವಷ್ಟು ಪೈಥಾನ್ ಬರುತ್ತದೆ. ಮಿನಿನೆಟ್ (ಒಂದೇ ಕಂಪ್ಯೂಟರ್‌ನಲ್ಲಿ ಪರೀಕ್ಷೆಗೆ ಜಾಲ ಕಟ್ಟುವ ಟೂಲ್) ಅಭ್ಯಾಸ ಇದೆ.

ಹಳೇ_ನಾಕ್:

ವಿಷಯ ಒಳ್ಳೆಯದು. ರೂಟ್‌ಫ್ಲೋ ಓಡಿಸಲು ಹೋಗಬೇಡಿ, ಆದರೆ ಅದರ ರಚನೆಯನ್ನು ಮಾತ್ರ ಸರಿಯಾಗಿ ಓದಿ. ಈ ವಿಷಯದಲ್ಲಿ ಆಮೇಲೆ ಬಂದ ಬಹುಪಾಲು ಕೆಲಸದ ಬೇರು ಅಲ್ಲಿ ಕಾಣುತ್ತದೆ.

ಬ್ರೆಜಿಲ್‌ನ ಕಂಪಿನಾಸ್‌ನಲ್ಲಿರುವ ಸಿಪಿಕ್ಯುಡಿ ಸಂಸ್ಥೆಯಲ್ಲಿ ಹುಟ್ಟಿದ ಕೆಲಸ ಅದು. 2010ರಲ್ಲಿ ಕ್ವಾಗ್‌ಫ್ಲೋ ಎಂಬ ಹೆಸರಲ್ಲಿ ಶುರುವಾಯಿತು. ಕ್ವಾಗಾ ಎಂಬ ಓಪನ್ ಸೋರ್ಸ್ ರೂಟಿಂಗ್ ಸಾಫ್ಟ್‌ವೇರ್ ಮತ್ತು ಓಪನ್‌ಫ್ಲೋ ಎರಡನ್ನೂ ಜೋಡಿಸುವ ಯೋಚನೆ. ಪ್ರತಿ ಸ್ವಿಚ್‌ಗೆ ಒಂದು ವರ್ಚುವಲ್ ಮಷೀನ್. ಸ್ವಿಚ್‌ಗೆ ಎಷ್ಟು ಪೋರ್ಟ್ ಇದೆಯೋ ಮಷೀನ್‌ಗೆ ಅಷ್ಟೇ ಇಂಟರ್‌ಫೇಸ್. ಒಳಗೆ ಕ್ವಾಗಾ ಓಡುತ್ತದೆ. ಅದು ಪಕ್ಕದ ರೂಟರ್ ಜತೆ ಮಾತಾಡಿ, ದಾರಿ ಕಲಿತು, ಲಿನಕ್ಸ್ ಕರ್ನಲ್‌ನ ರೂಟಿಂಗ್ ಟೇಬಲ್‌ಗೆ ಬರೆಯುತ್ತದೆ. ಅಲ್ಲೇ ಕುಳಿತ ಆರ್‌ಎಫ್‌ಕ್ಲೈಂಟ್ ಎಂಬ ಪ್ರೋಗ್ರಾಂ ನೆಟ್‌ಲಿಂಕ್ (ಲಿನಕ್ಸ್ ಕರ್ನಲ್ ಸುದ್ದಿ ಕೊಡುವ ವ್ಯವಸ್ಥೆ) ಮೂಲಕ ಆ ಬದಲಾವಣೆಯನ್ನು ಕೇಳಿಸಿಕೊಂಡು ಆರ್‌ಎಫ್‌ಸರ್ವರ್‌ಗೆ ಕಳಿಸುತ್ತದೆ. ಸರ್ವರ್ ಯಾವ ಮಷೀನ್‌ನ ಯಾವ ಇಂಟರ್‌ಫೇಸ್ ಯಾವ ಸ್ವಿಚ್‌ನ ಯಾವ ಪೋರ್ಟ್ ಎಂದು ನೋಡುತ್ತದೆ. ಕಂಟ್ರೋಲರ್ ಮೇಲೆ ಕುಳಿತ ಆರ್‌ಎಫ್‌ಪ್ರಾಕ್ಸಿ ಅದನ್ನು ಫ್ಲೋ ರೂಲ್ (ಇಂಥ ಪ್ಯಾಕೆಟ್ ಬಂದರೆ ಹೀಗೆ ಮಾಡು ಎಂಬ ಸೂಚನೆ) ಮಾಡಿ ಸ್ವಿಚ್‌ಗೆ ಇಳಿಸುತ್ತದೆ.

ಇಲ್ಲಿ ಚಂದ ಏನು ಅಂದರೆ, ಪ್ರೋಟೋಕಾಲ್‌ಗೆ ಏನೂ ಗೊತ್ತಾಗುವುದಿಲ್ಲ. ಕ್ವಾಗಾದ ಒಂದು ಸಾಲೂ ಬದಲಾಗಿಲ್ಲ. ಅದು ತಾನು ಲಿನಕ್ಸ್ ಪೆಟ್ಟಿಗೆಯೊಂದರ ಮೇಲೆ ಕೂತಿದ್ದೇನೆ ಅಂದುಕೊಂಡೇ ಕೆಲಸ ಮಾಡುತ್ತದೆ.

ಇದು ಬರೀ ಲ್ಯಾಬ್ ಆಟವಾಗಿ ಉಳಿಯಲಿಲ್ಲ. ನ್ಯೂಜಿಲೆಂಡ್‌ನ ಕಾರ್ಡಿಗನ್ ಪ್ರಾಜೆಕ್ಟ್ ರೂಟ್‌ಫ್ಲೋ ಬಳಸಿ, ಬೇರೆ ಬೇರೆ ಜಾಗದ ಸ್ವಿಚ್‌ಗಳನ್ನು ಒಂದೇ ರೂಟರ್‌ನಂತೆ ತೋರಿಸಿ, ವೆಲಿಂಗ್ಟನ್‌ನ ಇಂಟರ್‌ನೆಟ್ ಎಕ್ಸ್‌ಚೇಂಜ್‌ನಲ್ಲಿ ನಿಜವಾದ ಟ್ರಾಫಿಕ್ ಸಾಗಿಸಿತು.

ಬಿಟ್_ಬೈಟ್:

ಒಂದು ಮೂಲಭೂತ ಪ್ರಶ್ನೆ. ಎಸ್‌ಡಿಎನ್ (ಓಪನ್‌ಫ್ಲೋದಂತೆ ಸಾಫ್ಟ್‌ವೇರ್‌ನಿಂದ ಜಾಲ ನಡೆಸುವ ರೀತಿ) ಅಂದರೆ ಇಡೀ ಜಾಲದ ನಕ್ಷೆ ಒಂದೇ ಕಡೆ ಇರುವುದು. ಕಂಟ್ರೋಲರ್‌ಗೆ ಎಲ್ಲಾ ಲಿಂಕ್ ಗೊತ್ತು. ಅತಿ ಹತ್ತಿರದ ದಾರಿ ಹುಡುಕುವ ಡೈಕ್‌ಸ್ಟ್ರಾ ಅಲ್ಗಾರಿದಂ ಬರೆಯಲು ಪೈಥಾನ್‌ನಲ್ಲಿ ಒಂದು ಪುಟವೂ ಬೇಡ. ಹಾಗಿರುವಾಗ ಹಂಚಿಹೋದ ರೂಟರ್‌ಗಳಿಗೆ ಅಂತ ಮಾಡಿದ ಓಎಸ್‌ಪಿಎಫ್ ಅನ್ನು ಮತ್ತೆ ಒಳಗೆ ತರುವುದು ಯಾಕೆ? ಒಂದೇ ಸರ್ವರ್ ಒಳಗೆ ಹತ್ತು ವರ್ಚುವಲ್ ಮಷೀನ್ ಒಂದಕ್ಕೊಂದು ಹಲೋ (ನಾನಿದ್ದೇನೆ ಎಂಬ ಓಎಸ್‌ಪಿಎಫ್ ಸಂದೇಶ) ಕಳಿಸಿಕೊಂಡು, ಆ ಸರ್ವರ್‌ಗೆ ಆಗಲೇ ಗೊತ್ತಿರುವ ನಕ್ಷೆಯನ್ನು ಮತ್ತೆ ಕಂಡುಹಿಡಿಯುತ್ತವೆ. ಇದು ಸುಮ್ನೆ ಡಬಲ್ ಕೆಲಸ ಅಲ್ವಾ?

ಹಳೇ_ನಾಕ್:

ಜಾಲದ ಒಳಗಿನ ಮಟ್ಟಿಗೆ ನಿಮ್ಮ ಮಾತು ಸರಿ. ನಮ್ಮೂರ ಒಳದಾರಿ ನಮಗೇ ಗೊತ್ತಿದ್ದರೆ ಯಾರನ್ನೂ ಕೇಳಬೇಕಿಲ್ಲ. ಊರ ಗಡಿ ದಾಟಿದ ಮೇಲೆ ಪಕ್ಕದೂರಿನವರಿಗೆ ತಿಳಿಯುವ ಮಾತಿನಲ್ಲೇ ಕೇಳಬೇಕು. ಜಾಲದ ಗಡಿಯಲ್ಲಿ ಆ ಮಾತು ಬಿಜಿಪಿ. ನಿಮ್ಮ ಐಎಸ್‌ಪಿಯ ರೂಟರ್ ನಿಮ್ಮ ಕಂಟ್ರೋಲರ್‌ನ ಎಪಿಐ ಕರೆಯುವುದಿಲ್ಲ.

ಇನ್ನೊಂದು ಕಾರಣ ಹಂತ ಹಂತದ ಬದಲಾವಣೆ. ಗೂಗಲ್‌ನ ಬಿ4 ನೋಡಿ. ಅವರ ಡೇಟಾಸೆಂಟರ್‌ಗಳ ನಡುವಿನ ಖಾಸಗಿ ಜಾಲ ಅದು. 2013ರ ಪ್ರಬಂಧದಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ: ಬಿಜಿಪಿ ಮತ್ತು ಐಎಸ್-ಐಎಸ್‌ಗೆ (ಓಎಸ್‌ಪಿಎಫ್‌ನಂಥದೇ ಒಳಜಾಲದ ಪ್ರೋಟೋಕಾಲ್) ಕ್ವಾಗಾ ಬಳಸಿದರು. ಕ್ವಾಗಾ ಮತ್ತು ಓಪನ್‌ಫ್ಲೋ ಸ್ವಿಚ್‌ಗಳ ನಡುವೆ ರೂಟಿಂಗ್ ಅಪ್ಲಿಕೇಶನ್ ಪ್ರಾಕ್ಸಿ ಎಂಬ ಪದರ ಇಟ್ಟರು. ಮೊದಲು ಹಳೇ ಪ್ರೋಟೋಕಾಲ್‌ಗಳನ್ನೇ ಹೊಸ ಸ್ವಿಚ್‌ಗಳ ಮೇಲೆ ಓಡಿಸಿ ನಂಬಿಕೆ ಗಳಿಸಿಕೊಂಡರು. ಕೇಂದ್ರೀಕೃತ ಟ್ರಾಫಿಕ್ ಎಂಜಿನಿಯರಿಂಗ್ (ಟ್ರಾಫಿಕ್ಕನ್ನು ಬೇರೆ ಬೇರೆ ದಾರಿಗೆ ಹಂಚುವುದು) ಬಂದಿದ್ದು ಅದರ ಮೇಲಿನ ಪದರವಾಗಿ. ಅದರಲ್ಲಿ ಏನಾದರೂ ಕೆಟ್ಟರೆ ಅದನ್ನು ಆರಿಸಿ, ಬರೀ ಶಾರ್ಟೆಸ್ಟ್ ಪಾತ್ ರೂಟಿಂಗ್‌ಗೆ ಇಳಿಯಬಹುದಿತ್ತು. ಹೀಗೆ ಹಿಂದಕ್ಕೆ ಬರಲು ಒಂದು ದಾರಿ ಇರುವುದು ಎಷ್ಟು ದೊಡ್ಡದು ಎಂದು ರಾತ್ರಿ ಪಾಳಿಯಲ್ಲಿ ಜಾಲ ಕಾದವರಿಗೆ ಗೊತ್ತು.

ಡೇಟಾಸೆಂಟರ್_ದಾರಿಹೋಕ:

ಬೆಂಗಳೂರಿನಲ್ಲಿ ಡೇಟಾಸೆಂಟರ್ ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ. ಈಗಿನ ಸ್ಥಿತಿ ಹೇಳುತ್ತೇನೆ.

ಕ್ವಾಗಾ ಮರೆತುಬಿಡಿ. ಅದರಿಂದ ಕವಲೊಡೆದ ಎಫ್‌ಆರ್‌ಆರ್ 2017ರಿಂದ ಲಿನಕ್ಸ್ ಫೌಂಡೇಶನ್ ಅಡಿಯಲ್ಲಿದೆ. ಬೆಳವಣಿಗೆ ಎಲ್ಲಾ ಅಲ್ಲೇ ಆಗುತ್ತಿದೆ. ಮುಖ್ಯವಾಗಿ, ಅದರ ಜೀಬ್ರಾ ಡೀಮನ್‌ನಲ್ಲಿ (ಪ್ರೋಟೋಕಾಲ್‌ಗಳು ಕಲಿತ ರೂಟ್‌ಗಳಲ್ಲಿ ಒಳ್ಳೆಯದನ್ನು ಆರಿಸುವ ಹಿನ್ನೆಲೆ ಪ್ರೋಗ್ರಾಂ) ಎಫ್‌ಪಿಎಂ ಎಂಬ ಬಾಗಿಲಿದೆ. ಜೀಬ್ರಾ ಟಿಸಿಪಿ 2620 ಪೋರ್ಟ್‌ಗೆ ಸಂಪರ್ಕ ಮಾಡಿ, ತಾನು ಆರಿಸಿದ ಪ್ರತಿ ರೂಟನ್ನೂ ಕಳಿಸುತ್ತದೆ. ರೂಟ್‌ಫ್ಲೋದವರು ಕರ್ನಲ್‌ಗೆ ಕಿವಿಗೊಟ್ಟು ಪಡೆದದ್ದನ್ನು ಇಲ್ಲಿ ನೇರವಾಗಿ ಕೊಡುತ್ತಾರೆ.

ಇದೇ ಯೋಚನೆ ಇವತ್ತು ಸೋನಿಕ್‌ನಲ್ಲಿ ದೊಡ್ಡ ಪ್ರಮಾಣದಲ್ಲಿ ಓಡುತ್ತಿದೆ. ಮೈಕ್ರೋಸಾಫ್ಟ್ 2016ರಲ್ಲಿ ಹೊರತಂದ ಸ್ವಿಚ್ ಆಪರೇಟಿಂಗ್ ಸಿಸ್ಟಂ ಅದು. 2022ರಲ್ಲಿ ಲಿನಕ್ಸ್ ಫೌಂಡೇಶನ್‌ಗೆ ಬಂತು. ಅದರೊಳಗೆ ಎಫ್‌ಆರ್‌ಆರ್‌ನಿಂದ ಎಫ್‌ಪಿಎಂ ಮೂಲಕ ರೂಟ್ ಬರುತ್ತದೆ, ರೆಡಿಸ್ ಡೇಟಾಬೇಸ್‌ಗೆ ಬೀಳುತ್ತದೆ, ಅಲ್ಲಿಂದ ಸಾಯ್ (ಬೇರೆ ಬೇರೆ ಚಿಪ್‌ಗಳಿಗೆ ಒಂದೇ ಎಪಿಐ) ಪದರದ ಮೂಲಕ ಚಿಪ್‌ಗೆ ಇಳಿಯುತ್ತದೆ. ವ್ಯತ್ಯಾಸ ಇಷ್ಟೇ: ರೂಟಿಂಗ್ ಸಾಫ್ಟ್‌ವೇರ್ ದೂರದ ಸರ್ವರ್‌ನಲ್ಲಿಲ್ಲ, ಸ್ವಿಚ್‌ನ ಒಳಗೇ ಇದೆ. ನನ್ನ ಅಭಿಪ್ರಾಯ ಕೇಳಿದರೆ ಅದೇ ಸರಿಯಾದ ಜಾಗ. ಕಂಟ್ರೋಲರ್‌ಗೆ ಹೋಗುವ ಕೇಬಲ್ ಕಿತ್ತರೂ ಪಕ್ಕದ ರೂಟರ್ ಜತೆಗಿನ ಓಎಸ್‌ಪಿಎಫ್ ನೆರೆಸಂಬಂಧ ಬೀಳುವುದಿಲ್ಲ.

ಎಂಟೆಕ್_ಪ್ರಾಜೆಕ್ಟ್:

ತುಂಬಾ ಧನ್ಯವಾದಗಳು ಸರ್. ಸೋನಿಕ್ ಹಿಡಿದರೆ ನನ್ನ ಪ್ರಾಜೆಕ್ಟ್‌ನಲ್ಲಿ ಓಪನ್‌ಫ್ಲೋ ಉಳಿಯುವುದಿಲ್ಲ. ಗೈಡ್‌ಗೆ ಓಪನ್‌ಫ್ಲೋ ಇರಲೇಬೇಕು. ಓನೋಸ್ ಎಂಬ ಎಸ್‌ಡಿಎನ್ ಕಂಟ್ರೋಲರ್‌ನಲ್ಲಿ ಎಸ್‌ಡಿಎನ್-ಐಪಿ ಅಂತ ಒಂದು ಆ್ಯಪ್ ನೋಡಿದೆ. ಅದು ಆಗುತ್ತದಾ?

ಹಳೇ_ನಾಕ್:

ಎಸ್‌ಡಿಎನ್-ಐಪಿ ಬೇರೆ ಸಮಸ್ಯೆ ಬಿಡಿಸುತ್ತದೆ. ಅಲ್ಲಿ ನಿಮ್ಮ ಎಸ್‌ಡಿಎನ್ ಜಾಲ ಹೊರಗಿನವರಿಗೆ ಒಂದು ಸ್ವಾಯತ್ತ ವ್ಯವಸ್ಥೆಯಂತೆ (ಒಬ್ಬರ ಆಡಳಿತದ ಸ್ವತಂತ್ರ ಜಾಲದಂತೆ) ಕಾಣುತ್ತದೆ. ಅಂಚಿನಲ್ಲಿ ಬಿಜಿಪಿ ಸ್ಪೀಕರ್ ಇರುತ್ತದೆ. ಅದು ಹೊರಗಿನ ರೂಟರ್‌ಗಳ ಜತೆ ಬಿಜಿಪಿ ಮಾತಾಡಿ, ಕಲಿತ ರೂಟ್‌ಗಳನ್ನು ಐಬಿಜಿಪಿ (ಒಂದೇ ವ್ಯವಸ್ಥೆಯ ಒಳಗಿನ ಬಿಜಿಪಿ) ಮೂಲಕ ಓನೋಸ್‌ಗೆ ಹೇಳುತ್ತದೆ. ಓನೋಸ್ ಒಂದೊಂದು ಪ್ರಿಫಿಕ್ಸ್‌ಗೂ (ಐಪಿ ವಿಳಾಸಗಳ ಗುಂಪಿಗೂ) ಒಂದು ಇಂಟೆಂಟ್ ಮಾಡುತ್ತದೆ: ಎಲ್ಲಾ ಪ್ರವೇಶ ಪೋರ್ಟ್‌ಗಳಿಂದ ಒಂದು ನಿರ್ಗಮನ ಪೋರ್ಟ್‌ಗೆ. ಒಳಗೆ ಓಎಸ್‌ಪಿಎಫ್ ಇಲ್ಲವೇ ಇಲ್ಲ. ಬಿಟ್_ಬೈಟ್ ಅವರು ಕೇಳಿದ ಪ್ರಶ್ನೆಗೆ ಇದು ಸರಿಯಾದ ಉತ್ತರ: ಗಡಿಯಲ್ಲಿ ಪ್ರೋಟೋಕಾಲ್, ಒಳಗೆ ಕಂಟ್ರೋಲರ್.

ನಿಮಗೆ ಓಎಸ್‌ಪಿಎಫ್ ಬೇಕು. ಹಾಗಾಗಿ ರೂಟ್‌ಫ್ಲೋದ ಸಣ್ಣ ರೂಪವನ್ನು ನೀವೇ ಕಟ್ಟಿ. ನಾನು ಹೀಗೆ ಮಾಡುತ್ತೇನೆ.

ಮಿನಿನೆಟ್‌ನಲ್ಲಿ ನಾಲ್ಕು ಓಪನ್ ವಿಸ್ವಿಚ್ (ಸಾಫ್ಟ್‌ವೇರ್ ಸ್ವಿಚ್). ಪ್ರತಿ ಸ್ವಿಚ್‌ಗೂ ಒಂದು ನೆಟ್‌ವರ್ಕ್ ನೇಮ್‌ಸ್ಪೇಸ್ (ಲಿನಕ್ಸ್ ಒಳಗೇ ಪ್ರತ್ಯೇಕ ಜಾಲದ ಕೋಣೆ), ಒಳಗೆ ಎಫ್‌ಆರ್‌ಆರ್. ಒಂದೇ ಯಂತ್ರದಲ್ಲಿ ಹಲವು ಎಫ್‌ಆರ್‌ಆರ್ ಓಡಿಸುವಾಗ ಸಾಕೆಟ್ ಫೈಲ್‌ಗಳು ಡಿಕ್ಕಿಯಾಗುತ್ತವೆ. ಅದಕ್ಕೆ ಪಾತ್‌ಸ್ಪೇಸ್ ಆಯ್ಕೆ ಇದೆ, ಪ್ರತಿ ನೇಮ್‌ಸ್ಪೇಸ್‌ಗೂ ಬೇರೆ ಹೆಸರು ಕೊಡಿ.

ಸ್ವಿಚ್‌ನ ಪ್ರತಿ ಡೇಟಾ ಪೋರ್ಟ್‌ಗೂ ಒಂದು ನೆರಳು ಪೋರ್ಟ್ ಮಾಡಿ. ಪೋರ್ಟ್ 1ಕ್ಕೆ 101, ಪೋರ್ಟ್ 2ಕ್ಕೆ 102, ಹೀಗೆ. ನೆರಳು ಪೋರ್ಟ್ ಒಂದು ವೆಥ್ ಜೋಡಿ (ಎರಡು ತುದಿಯ ವರ್ಚುವಲ್ ಕೇಬಲ್), ಇನ್ನೊಂದು ತುದಿ ನೇಮ್‌ಸ್ಪೇಸ್ ಒಳಗೆ. ನಂತರ ಕೆಲವು ಸ್ಥಿರ ರೂಲ್ ಹಾಕಿ. 1ರಿಂದ ಬಂದ ಎಆರ್‌ಪಿ (ಐಪಿಗೆ ಸೇರಿದ ಮ್ಯಾಕ್, ಅಂದರೆ ಹಾರ್ಡ್‌ವೇರ್ ವಿಳಾಸ ಕೇಳುವ ಸಂದೇಶ), ಓಎಸ್‌ಪಿಎಫ್, ಮತ್ತು ರೂಟರ್‌ನ ಸ್ವಂತ ವಿಳಾಸಕ್ಕೆ ಬಂದ ಪ್ಯಾಕೆಟ್ 101ಕ್ಕೆ. 101ರಿಂದ ಬಂದದ್ದೆಲ್ಲ 1ಕ್ಕೆ. ರೂಟ್‌ಫ್ಲೋದಲ್ಲಿ ಈ ಪ್ಯಾಕೆಟ್‌ಗಳು ಕಂಟ್ರೋಲರ್ ಮೂಲಕ ಸುತ್ತಿ ಬರುತ್ತಿದ್ದವು. ಕಂಟ್ರೋಲರ್ ಬಿಜಿ ಆದರೆ ಹಲೋ ತಡವಾಗಿ ನೆರೆಸಂಬಂಧ ಬೀಳುವ ಅಪಾಯ ಇತ್ತು. ನೆರಳು ಪೋರ್ಟ್ ಇದ್ದರೆ ಕಂಟ್ರೋಲರ್ ಆ ದಾರಿಯಲ್ಲೇ ಇರುವುದಿಲ್ಲ.

ಕಂಟ್ರೋಲರ್‌ನ ಕೆಲಸ ಒಂದೇ: ಜೀಬ್ರಾ ಕೊಟ್ಟ ರೂಟನ್ನು ಫ್ಲೋ ಮಾಡಿ ಇಳಿಸುವುದು. ರ್ಯೂ ಎಂಬ ಪೈಥಾನ್ ಕಂಟ್ರೋಲರ್ ಸಾಕು. ಆದರೆ ಅದರ ಅಭಿವೃದ್ಧಿ ನಿಂತುಹೋಗಿದೆ. ಅದು ಬಳಸುವ ಇವೆಂಟ್‌ಲೆಟ್ ಲೈಬ್ರರಿಯ ಹೊಸ ಆವೃತ್ತಿ ಜತೆ ಶುರುವಿನಲ್ಲೇ ಇಂಪೋರ್ಟ್ ಎರರ್ ಕೊಡುತ್ತದೆ. ಇವೆಂಟ್‌ಲೆಟ್ 0.30.2 ಹಾಕಿಕೊಳ್ಳಿ, ಇಲ್ಲವೇ ಓಪನ್‌ಸ್ಟ್ಯಾಕ್‌ನವರು ರ್ಯೂನಿಂದ ಕವಲು ಮಾಡಿಕೊಂಡ ಓಎಸ್-ಕೆನ್ ಹಿಡಿಯಿರಿ.

ಡೇಟಾಸೆಂಟರ್_ದಾರಿಹೋಕ:

ನೇಮ್‌ಸ್ಪೇಸ್ ಒಳಗಿನ ಜೀಬ್ರಾ ಎಫ್‌ಪಿಎಂಗೆ ತನ್ನದೇ ಲೂಪ್‌ಬ್ಯಾಕ್ ವಿಳಾಸ ಹುಡುಕುತ್ತದೆ. ಕಂಟ್ರೋಲರ್ ಅಲ್ಲಿರುವುದಿಲ್ಲ. ಮ್ಯಾನೇಜ್‌ಮೆಂಟ್‌ಗೆ ಅಂತ ಇನ್ನೊಂದು ವೆಥ್ ಎಳೆದು ಎಫ್‌ಪಿಎಂ ವಿಳಾಸ ಬದಲಿಸಬೇಕು. ಹೊಸ ಎಫ್‌ಪಿಎಂ ಮಾಡ್ಯೂಲ್ ನೆಕ್ಸ್ಟ್‌ಹಾಪ್ ಗ್ರೂಪ್ ಐಡಿಗಳನ್ನು ಕಳಿಸುತ್ತದೆ. ನಿಮ್ಮ ಕೋಡ್ ಅದನ್ನು ಅರ್ಥ ಮಾಡಿಕೊಳ್ಳದಿದ್ದರೆ ಆ ಸೆಟ್ಟಿಂಗ್ ಆರಿಸಿ. ಆಗ ಪ್ರತಿ ರೂಟ್ ಜತೆಗೇ ಗೇಟ್‌ವೇ ವಿಳಾಸ ಬರುತ್ತದೆ.

ಪ್ರಾಜೆಕ್ಟ್ ಮಟ್ಟಕ್ಕೆ ಇನ್ನೂ ಸುಲಭ ದಾರಿ ಪೈರೂಟ್2 ಎಂಬ ಲೈಬ್ರರಿ. ಪೈಥಾನ್‌ನಿಂದಲೇ ನೇಮ್‌ಸ್ಪೇಸ್ ಒಳಗಿನ ನೆಟ್‌ಲಿಂಕ್ ಕೇಳಬಹುದು. ಇದರಲ್ಲಿ ಒಂದು ಲಾಭ ಜಾಸ್ತಿ ಇದೆ. ಫ್ಲೋ ರೂಲ್‌ಗೆ ಗೇಟ್‌ವೇಯ ಮ್ಯಾಕ್ ವಿಳಾಸ ಬೇಕಲ್ಲ? ಅದು ರೂಟ್ ಸಂದೇಶದಲ್ಲಿ ಇರುವುದಿಲ್ಲ, ಕರ್ನಲ್‌ನ ನೆರೆಯವರ ಟೇಬಲ್‌ನಲ್ಲಿ ಇರುತ್ತದೆ. ನೆಟ್‌ಲಿಂಕ್ ಎರಡನ್ನೂ ಕೊಡುತ್ತದೆ.

ಎಂಟೆಕ್_ಪ್ರಾಜೆಕ್ಟ್:

ಸರ್, ನೀವು ಹೇಳಿದಂತೆ ನೆರಳು ಪೋರ್ಟ್ ಕಟ್ಟಿದೆ. ಎಫ್‌ಆರ್‌ಆರ್ ಎದ್ದಿದೆ. ನೆರೆಯ ರೂಟರ್‌ಗಳು ಒಂದನ್ನೊಂದು ನೋಡುತ್ತಿವೆ. ಆದರೆ ಎಕ್ಸ್‌ಸ್ಟಾರ್ಟ್ (ನಕ್ಷೆಯ ವಿನಿಮಯ ಶುರುವಾಗುವ) ಸ್ಥಿತಿಯಲ್ಲೇ ನಿಂತಿವೆ, ಫುಲ್‌ಗೆ (ವಿನಿಮಯ ಮುಗಿದ ಸ್ಥಿತಿಗೆ) ಹೋಗುತ್ತಿಲ್ಲ. ಎಲ್ಲಾ ಕಡೆ ಎಂಟಿಯು (ಪ್ಯಾಕೆಟ್‌ನ ಗರಿಷ್ಠ ಗಾತ್ರ) 1500 ಇದೆ, ಪರೀಕ್ಷಿಸಿದ್ದೇನೆ.

ಹಳೇ_ನಾಕ್:

ನಿಮ್ಮ ಓಎಸ್‌ಪಿಎಫ್ ರೂಲ್ ಯಾವುದನ್ನು ನೋಡಿ ಮ್ಯಾಚ್ ಮಾಡುತ್ತಿದೆ? ಗುರಿ ವಿಳಾಸ 224.0.0.5 ಎಂದು ಇದ್ದರೆ ಇದು ಹೀಗೇ ಆಗುತ್ತದೆ. ಹಲೋ ಆ ಮಲ್ಟಿಕಾಸ್ಟ್ (ಗುಂಪಿನ) ವಿಳಾಸಕ್ಕೆ ಹೋಗುತ್ತದೆ, ಆದ್ದರಿಂದ ನೆರೆಯ ರೂಟರ್ ಕಾಣುತ್ತದೆ. ಈಥರ್‌ನೆಟ್ ಇಂಟರ್‌ಫೇಸ್ ಬ್ರಾಡ್‌ಕಾಸ್ಟ್ ಬಗೆಯಾಗಿದ್ದರೆ, ಆಮೇಲಿನ ಡೇಟಾಬೇಸ್ ವಿವರದ ಪ್ಯಾಕೆಟ್‌ಗಳು ನೇರ ನೆರೆಯವನ ಐಪಿಗೆ ಯೂನಿಕಾಸ್ಟ್ ಆಗಿ ಹೋಗುತ್ತವೆ. ಸ್ವಂತ ವಿಳಾಸದ ರೂಲ್ ಒಂದು ಪೋರ್ಟ್‌ನಲ್ಲಿ ಬಿಟ್ಟುಹೋಗಿದ್ದರೂ ಅವು ಅಲ್ಲೇ ಸಾಯುತ್ತವೆ. ಗುರಿ ವಿಳಾಸ ತೆಗೆದುಹಾಕಿ. ಐಪಿ ಪ್ರೋಟೋಕಾಲ್ ಸಂಖ್ಯೆ 89 (ಓಎಸ್‌ಪಿಎಫ್‌ನದು) ಎಂದು ಮಾತ್ರ ನೋಡಿ.

ಜತೆಗೆ ಸ್ವಿಚ್‌ನಿಂದ ಸ್ವಿಚ್‌ಗೆ ಇರುವ ಲಿಂಕ್‌ಗಳನ್ನು ಪಾಯಿಂಟ್-ಟು-ಪಾಯಿಂಟ್ ಬಗೆಗೆ ಬದಲಿಸಿ. ಎರಡೇ ರೂಟರ್ ಇರುವ ಲಿಂಕ್‌ನಲ್ಲಿ ಡಿಆರ್ (ಲಿಂಕ್‌ನ ಮುಖ್ಯ ರೂಟರ್) ಚುನಾವಣೆ ಬೇಕಾಗಿಲ್ಲ. ಅದಕ್ಕೆ ಕಾಯುವ ಸಮಯವೂ ಉಳಿಯುತ್ತದೆ.

ಎಂಟೆಕ್_ಪ್ರಾಜೆಕ್ಟ್:

ಅದೇ ಕಾರಣ ಸರ್! 89ಕ್ಕೆ ಬದಲಿಸಿದ ಕೂಡಲೇ ನಾಲ್ಕೂ ಫುಲ್ ಆದವು. ಈಗ ಪಿಂಗ್ ಓಡುತ್ತಿದೆ. ಇನ್ನು ಎರಡು ಅನುಮಾನ. ಒಂದು, 10.0.0.0/8 ಮತ್ತು 10.1.0.0/16 ಎರಡೂ ಇದ್ದಾಗ ಓಪನ್‌ಫ್ಲೋ ಉದ್ದದ ಪ್ರಿಫಿಕ್ಸ್ ತಾನೇ ಆರಿಸುತ್ತದಾ? ಎರಡು, ಟ್ರೇಸ್‌ರೂಟ್ ಮಾಡಿದರೆ ನಡುವಿನ ಹಾಪ್‌ಗಳು (ದಾರಿಯ ರೂಟರ್‌ಗಳು) ಕಾಣುವುದೇ ಇಲ್ಲ.

ಬಿಟ್_ಬೈಟ್:

ಮೊದಲನೆಯದಕ್ಕೆ ನಾನು ಹೇಳುತ್ತೇನೆ. ಓಪನ್‌ಫ್ಲೋಗೆ ಉದ್ದದ ಪ್ರಿಫಿಕ್ಸ್ ಎಂಬ ಕಲ್ಪನೆಯೇ ಇಲ್ಲ. ಅದಕ್ಕೆ ಪ್ರಯಾರಿಟಿ ಮಾತ್ರ ಗೊತ್ತು. ಆದ್ದರಿಂದ ಒಂದು ಮೂಲ ಸಂಖ್ಯೆಗೆ ಪ್ರಿಫಿಕ್ಸ್‌ನ ಉದ್ದ ಕೂಡಿಸಿ ಪ್ರಯಾರಿಟಿ ಕೊಡಿ. ಮೂಲ 1000 ಆದರೆ /8ಕ್ಕೆ 1008, /16ಕ್ಕೆ 1016. ಜತೆಗೆ ಗುರಿ ಮ್ಯಾಕ್ ಆ ಪೋರ್ಟ್‌ನ ರೂಟರ್ ಮ್ಯಾಕ್ ಆಗಿರಬೇಕು ಎಂದೂ ಮ್ಯಾಚ್ ಸೇರಿಸಿ. ಇಲ್ಲದಿದ್ದರೆ ರೂಟರ್‌ಗೆ ಕಳಿಸದ ಪ್ಯಾಕೆಟ್ ಕೂಡ ರೂಟ್ ಆಗುತ್ತದೆ.

ಹಳೇ_ನಾಕ್:

ಟ್ರೇಸ್‌ರೂಟ್ ಬಗ್ಗೆ. ನಿಮ್ಮ ಫ್ಲೋದಲ್ಲಿ ಮೂಲ ಮ್ಯಾಕ್ ಬದಲಿಸುವುದು, ಗುರಿ ಮ್ಯಾಕ್ ಬದಲಿಸುವುದು, ಟಿಟಿಎಲ್ (ಪ್ಯಾಕೆಟ್ ಇನ್ನೆಷ್ಟು ರೂಟರ್ ದಾಟಬಹುದು ಎಂಬ ಎಣಿಕೆ) ಒಂದು ಕಡಿಮೆ ಮಾಡುವುದು, ಕಳಿಸುವುದು, ಈ ನಾಲ್ಕೂ ಇರಬೇಕು. ಓಪನ್‌ಫ್ಲೋ 1.0ರಲ್ಲಿ ಟಿಟಿಎಲ್ ಕಡಿಮೆ ಮಾಡುವ ಆ್ಯಕ್ಷನ್ನೇ ಇರಲಿಲ್ಲ. 1.3 ಬಳಸಿ. ರೂಟಿಂಗ್ ಲೂಪ್ ಆದಾಗ ಪ್ಯಾಕೆಟ್ ಸಾಯಲು ಟಿಟಿಎಲ್ ಒಂದೇ ಆಧಾರ. ಅದನ್ನು ಬಿಟ್ಟ ಜಾಲವನ್ನು ರೂಟರ್‌ಗಳ ಜಾಲ ಎಂದು ಕರೆಯಲು ನನಗೆ ಮನಸ್ಸಿಲ್ಲ.

ಇಷ್ಟಾದರೂ ಹಾಪ್ ಕಾಣುವುದಿಲ್ಲ. ಟಿಟಿಎಲ್ ಮುಗಿದಾಗ ಅದನ್ನು ತಿಳಿಸುವ ಐಸಿಎಂಪಿ ಉತ್ತರ ಕೊಡುವವರು ಯಾರು? ಸ್ವಿಚ್ ಕೊಡುವುದಿಲ್ಲ. ಓಪನ್ ವಿಸ್ವಿಚ್‌ನಲ್ಲಿ ಟಿಟಿಎಲ್ ಮೇಲೂ ಮ್ಯಾಚ್ ಮಾಡಬಹುದು. ಮೂಲ ಓಪನ್‌ಫ್ಲೋದಲ್ಲಿ ಇದಿಲ್ಲ, ಅವರದೇ ವಿಸ್ತರಣೆ. ಟಿಟಿಎಲ್ 1 ಇರುವ ಪ್ಯಾಕೆಟ್ ನೆರಳು ಪೋರ್ಟ್‌ಗೆ ಹೋಗಲಿ ಎಂದು ರೂಟ್‌ಗಳಿಗಿಂತ ಮೇಲಿನ ಪ್ರಯಾರಿಟಿಯ ರೂಲ್ ಹಾಕಿ. ನೇಮ್‌ಸ್ಪೇಸ್‌ನ ಕರ್ನಲ್ ಉತ್ತರ ಕೊಡುತ್ತದೆ.

ಇದೇ ರೀತಿ, ಯಾವ ರೂಟಿಗೂ ಸಿಗದ ಪ್ಯಾಕೆಟ್ಟನ್ನೂ ಕಡಿಮೆ ಪ್ರಯಾರಿಟಿಯಲ್ಲಿ ನೆರಳು ಪೋರ್ಟ್‌ಗೆ ಬಿಡಿ. ಕರ್ನಲ್ ಎಆರ್‌ಪಿ ಮಾಡುತ್ತದೆ, ಆ ಪ್ಯಾಕೆಟ್ಟನ್ನೂ ತಾನೇ ಸಾಗಿಸುತ್ತದೆ. ಮ್ಯಾಕ್ ಗೊತ್ತಾದ ಕೂಡಲೇ ನೆಟ್‌ಲಿಂಕ್‌ನಲ್ಲಿ ನಿಮಗೆ ಸುದ್ದಿ ಬರುತ್ತದೆ, ನೀವು ಫ್ಲೋ ಇಳಿಸುತ್ತೀರಿ. ಮೊದಲ ಪ್ಯಾಕೆಟ್ ಕಳೆದುಹೋಗುವ ತೊಂದರೆ ಹೀಗೆ ತಪ್ಪುತ್ತದೆ.

ಎಂಟೆಕ್_ಪ್ರಾಜೆಕ್ಟ್:

ಟ್ರೇಸ್‌ರೂಟ್ ಈಗ ಪೂರ್ತಿ ಕಾಣುತ್ತಿದೆ. ನೋಡಿ ತುಂಬಾ ಖುಷಿಯಾಯಿತು. ಮುಂದೆ ಲಿಂಕ್ ಕಡಿದು ನೋಡಿದೆ. ಬೇರೆ ದಾರಿ ಇದ್ದರೂ ಸುಮಾರು 40 ಸೆಕೆಂಡ್ ಪಿಂಗ್ ನಿಲ್ಲುತ್ತದೆ. ನಿಜವಾದ ರೂಟರ್‌ನಲ್ಲಿ ಕೇಬಲ್ ಕಿತ್ತರೆ ತಕ್ಷಣ ಗೊತ್ತಾಗುತ್ತದೆ ಅಲ್ವಾ?

ಹಳೇ_ನಾಕ್:

ಈ ವಿನ್ಯಾಸದಲ್ಲಿ ನಿಜಕ್ಕೂ ಯೋಚಿಸಬೇಕಾದ ಜಾಗ ಇದು. ರಿಪೋರ್ಟ್‌ನಲ್ಲಿ ಇದಕ್ಕೆ ಒಂದು ಅಧ್ಯಾಯವೇ ಕೊಡಬಹುದು.

40 ಸೆಕೆಂಡ್ ಓಎಸ್‌ಪಿಎಫ್‌ನ ಡೆಡ್ ಇಂಟರ್ವಲ್. ಹಲೋ 10 ಸೆಕೆಂಡಿಗೊಮ್ಮೆ, ನಾಲ್ಕು ಹಲೋ ಬಾರದಿದ್ದರೆ ನೆರೆ ಸತ್ತಂತೆ. ಕೇಬಲ್ ಕಿತ್ತಾಗ ನಿಜವಾದ ರೂಟರ್ ಅಷ್ಟು ಕಾಯುವುದಿಲ್ಲ, ಇಂಟರ್‌ಫೇಸ್ ಬಿದ್ದ ಸುದ್ದಿ ಅದಕ್ಕೆ ಕೂಡಲೇ ಸಿಗುತ್ತದೆ. ನಿಮ್ಮಲ್ಲಿ ಬಿದ್ದದ್ದು ಡೇಟಾ ಪೋರ್ಟ್ 1. ಎಫ್‌ಆರ್‌ಆರ್ ನೋಡುತ್ತಿರುವುದು ನೆರಳು ಪೋರ್ಟ್‌ನ ವೆಥ್. ಅದು ಎದ್ದೇ ಇದೆ! ರೂಟಿಂಗ್ ಸಾಫ್ಟ್‌ವೇರನ್ನು ಸ್ವಿಚ್‌ನಿಂದ ಬೇರ್ಪಡಿಸಿದಾಗ ರೂಟ್ ಕೆಳಗೆ ಇಳಿಸುವುದರ ಬಗ್ಗೆ ಎಲ್ಲರೂ ಯೋಚಿಸುತ್ತಾರೆ. ಕೆಳಗಿನ ಸ್ಥಿತಿಯನ್ನು ಮೇಲೆ ಹೇಳುವುದೂ ಅಷ್ಟೇ ಮುಖ್ಯ.

ಪರಿಹಾರ ಕಷ್ಟವಲ್ಲ. ಪೋರ್ಟ್ ಬಿದ್ದಾಗ ಸ್ವಿಚ್ ಕಂಟ್ರೋಲರ್‌ಗೆ ಪೋರ್ಟ್ ಸ್ಟೇಟಸ್ ಸಂದೇಶ ಕಳಿಸುತ್ತದೆ. ಅದು ಬಂದ ತಕ್ಷಣ ನೇಮ್‌ಸ್ಪೇಸ್ ಒಳಗಿನ ಜೋಡಿ ಇಂಟರ್‌ಫೇಸನ್ನು ಡೌನ್ ಮಾಡಿ. ಎಫ್‌ಆರ್‌ಆರ್ ಕೂಡಲೇ ಬೇರೆ ದಾರಿ ಲೆಕ್ಕ ಹಾಕುತ್ತದೆ. ಪೋರ್ಟ್ ಎದ್ದಾಗ ಅಪ್ ಮಾಡಿ.

ಡೇಟಾಸೆಂಟರ್_ದಾರಿಹೋಕ:

ಇದರ ಜತೆ ಬಿಎಫ್‌ಡಿ (ದಾರಿ ಬದುಕಿದೆಯೇ ಎಂದು ಬೇಗಬೇಗ ಪರೀಕ್ಷಿಸುವ ಪ್ರೋಟೋಕಾಲ್) ಕೂಡ ಹಾಕಿ. ನಡುವೆ ಬೇರೆ ಸಾಧನ ಇದ್ದು ಪೋರ್ಟ್ ಎದ್ದೇ ಇರುವಂತಹ ಕಡಿತವನ್ನೂ ಅದು ಹಿಡಿಯುತ್ತದೆ. ಎಫ್‌ಆರ್‌ಆರ್‌ನಲ್ಲಿ ಡಿಫಾಲ್ಟ್ 300 ಮಿಲಿಸೆಕೆಂಡ್, ಮೂರು ತಪ್ಪಿದರೆ ಡೌನ್. ಒಂದು ಸೆಕೆಂಡ್ ಒಳಗೆ ಗೊತ್ತಾಗುತ್ತದೆ. ಬಿಎಫ್‌ಡಿ ಪ್ಯಾಕೆಟ್ ರೂಟರ್‌ನ ಸ್ವಂತ ವಿಳಾಸಕ್ಕೆ ಬರುತ್ತದೆ, ಆದ್ದರಿಂದ ಹೊಸ ರೂಲ್ ಬೇಡ. ಎರಡೂ ರೀತಿ ಅಳೆದು, ಬರೀ ಡೆಡ್ ಇಂಟರ್ವಲ್ ಜತೆ ಹೋಲಿಸಿದರೆ ಒಳ್ಳೆಯ ಗ್ರಾಫ್ ಬರುತ್ತದೆ.

ಇನ್ನೊಂದು ವಿಷಯ, ಗೈಡ್ ಖಂಡಿತ ಕೇಳುತ್ತಾರೆ: ಟೇಬಲ್ ಗಾತ್ರ. ಓಪನ್ ವಿಸ್ವಿಚ್ ಸಾಫ್ಟ್‌ವೇರ್, ಎಷ್ಟು ರೂಲ್ ಕೊಟ್ಟರೂ ನುಂಗುತ್ತದೆ. ನಿಜವಾದ ಓಪನ್‌ಫ್ಲೋ ಸ್ವಿಚ್‌ಗಳಲ್ಲಿ ರೂಲ್‌ಗಳು ಹೆಚ್ಚಾಗಿ ಟಿಕ್ಯಾಮ್‌ಗೆ (ವೇಗದ ಹುಡುಕಾಟದ ವಿಶೇಷ ಮೆಮೊರಿಗೆ) ಬೀಳುತ್ತಿದ್ದವು. ಅಲ್ಲಿ ಹಿಡಿಸುತ್ತಿದ್ದದ್ದು ಕೆಲವೇ ಸಾವಿರ. ಓಎಸ್‌ಪಿಎಫ್ ಜಾಲಕ್ಕೆ ಅದು ಸಾಕು. ಪೂರ್ತಿ ಇಂಟರ್‌ನೆಟ್ ಟೇಬಲ್‌ಗೆ ಏನೂ ಅಲ್ಲ. 2014ರ ಆಗಸ್ಟ್ 12ರಂದು ಐಪಿವಿ4 ಟೇಬಲ್ 512 ಸಾವಿರದ ಗಡಿ ದಾಟಿದಾಗ ದೊಡ್ಡ ದೊಡ್ಡ ರೂಟರ್‌ಗಳೇ ತಡವರಿಸಿದವು. ಟೇಬಲ್ ಆಮೇಲೆ ಇನ್ನೂ ಬಹಳ ಬೆಳೆದಿದೆ.

ಇದಕ್ಕೆ ಸ್ಪಾಟಿಫೈನಲ್ಲಿ ಮಾಡಿದ ಎಸ್‌ಡಿಎನ್ ಇಂಟರ್‌ನೆಟ್ ರೂಟರ್ ಕೆಲಸ ನೋಡಿ. ಟ್ರಾಫಿಕ್‌ನ ಬಹುಪಾಲು ಕೆಲವೇ ಪ್ರಿಫಿಕ್ಸ್‌ಗಳಿಗೆ ಹೋಗುತ್ತದೆ. ಪಿಎಂಅಕೌಂಟ್ ಎಂಬ ಟ್ರಾಫಿಕ್ ಅಳೆಯುವ ಟೂಲ್ ಬಳಸಿ ಅವು ಯಾವುವು ಎಂದು ಅಳೆದು, ಅಷ್ಟನ್ನು ಮಾತ್ರ ಸ್ವಿಚ್‌ಗೆ ಇಳಿಸಿದರು. ಉಳಿದದ್ದು ಡಿಫಾಲ್ಟ್ ರೂಟ್‌ನಲ್ಲಿ ಹೋಯಿತು. ನಿಮ್ಮ ನೆರಳು ಪೋರ್ಟ್ ವಿನ್ಯಾಸದಲ್ಲಿ ಇದು ಸಹಜವಾಗಿ ಕೂರುತ್ತದೆ: ಹೆಚ್ಚು ಬಳಕೆಯ ರೂಟ್ ಸ್ವಿಚ್‌ನಲ್ಲಿ, ಉಳಿದದ್ದು ಕರ್ನಲ್‌ನಲ್ಲಿ.

ಬಿಟ್_ಬೈಟ್:

ಈಗ ಒಪ್ಪುತ್ತೇನೆ, ಡಬಲ್ ಕೆಲಸ ಅನ್ನುವುದಕ್ಕಿಂತ ಜಾಸ್ತಿ ಇದೆ. ಆದರೂ ಒಂದು ಕೇಳಬೇಕು. ಕಂಟ್ರೋಲರ್ ಸತ್ತು ಮತ್ತೆ ಎದ್ದರೆ? ಅದು ಮಲಗಿದ್ದಾಗ ಬದಲಾದ ರೂಟ್‌ಗಳ ಕಥೆ ಏನು?

ಹಳೇ_ನಾಕ್:

ಮೊದಲು ಸ್ವಿಚ್‌ನ ಫೇಲ್ ಮೋಡ್ ಸೆಕ್ಯೂರ್ ಇರಬೇಕು. ಆಗ ಕಂಟ್ರೋಲರ್ ಹೋದರೂ ಇದ್ದ ಫ್ಲೋಗಳಂತೆಯೇ ಕೆಲಸ ಸಾಗುತ್ತದೆ. ಓಪನ್ ವಿಸ್ವಿಚ್‌ನ ಡಿಫಾಲ್ಟ್ ಸ್ಟ್ಯಾಂಡ್‌ಅಲೋನ್. ಅದರಲ್ಲಿ ಕಂಟ್ರೋಲರ್ ಸಿಗದಿದ್ದರೆ ಸ್ವಿಚ್ ಮಾಮೂಲಿ ಲರ್ನಿಂಗ್ ಸ್ವಿಚ್ ಆಗಿಬಿಡುತ್ತದೆ. ವರ್ತುಲದ ಟೋಪಾಲಜಿ ಇದ್ದರೆ ಬ್ರಾಡ್‌ಕಾಸ್ಟ್ ಸುತ್ತುತ್ತಲೇ ಇರುತ್ತದೆ. ಮಿನಿನೆಟ್ ತಾನೇ ಸೆಕ್ಯೂರ್ ಇಡುತ್ತದೆ, ಬೇರೆ ಕಡೆ ಕೈಯಾರೆ ಇಡಬೇಕು.

ಎದ್ದ ಮೇಲೆ ಎಲ್ಲಾ ಫ್ಲೋ ಅಳಿಸಿ ಮತ್ತೆ ಬರೆಯಬೇಡಿ, ಆ ಹೊತ್ತಿನಲ್ಲಿ ಇಡೀ ಟ್ರಾಫಿಕ್ ನಿಧಾನದ ದಾರಿಗೆ ಬೀಳುತ್ತದೆ. ಫ್ಲೋಗೆ ಕುಕಿ ಎಂಬ ಸಂಖ್ಯೆ ಇರುತ್ತದೆ. ಪ್ರತಿ ಸಲ ಕಂಟ್ರೋಲರ್ ಎದ್ದಾಗ ಹೊಸ ಕುಕಿ ಆರಿಸಿ. ಕರ್ನಲ್‌ನ ಪೂರ್ತಿ ಟೇಬಲ್ ಓದಿ ಪ್ರತಿ ರೂಟನ್ನೂ ಹೊಸ ಕುಕಿ ಜತೆ ಇಳಿಸಿ. ಮ್ಯಾಚ್ ಮತ್ತು ಪ್ರಯಾರಿಟಿ ಎರಡೂ ಅದೇ ಇದ್ದರೆ ಹೊಸದು ಹಳೆಯದರ ಮೇಲೆ ಕೂರುತ್ತದೆ, ಟ್ರಾಫಿಕ್ ನಿಲ್ಲುವುದಿಲ್ಲ. ಆಮೇಲೆ ಬ್ಯಾರಿಯರ್ (ಹಿಂದಿನದೆಲ್ಲ ಮುಗಿಯಿತೇ ಎಂದು ಕೇಳುವ ಸಂದೇಶ) ಕಳಿಸಿ, ಉತ್ತರ ಬರುವವರೆಗೆ ಕಾಯಿರಿ. ಕೊನೆಗೆ ಹಳೇ ಕುಕಿಯ ಫ್ಲೋಗಳನ್ನು ಅಳಿಸಿ. ಎಫ್‌ಪಿಎಂ ದಾರಿ ಹಿಡಿದರೂ ಇದೇ ಕ್ರಮ ನಡೆಯುತ್ತದೆ, ಸಂಪರ್ಕ ಮತ್ತೆ ಕೂಡಿದಾಗ ಜೀಬ್ರಾ ಎಲ್ಲಾ ರೂಟ್ ಹೊಸದಾಗಿ ಕಳಿಸುತ್ತದೆ.

ನೆರಳು ಪೋರ್ಟ್‌ನ ಸ್ಥಿರ ರೂಲ್‌ಗಳಿಗೆ ಮಾತ್ರ ಬೇರೆಯೇ ಕುಕಿ ಇಡಿ. ಅವು ಈ ಗುಡಿಸಾಟದಲ್ಲಿ ಹೋಗಿಬಿಟ್ಟರೆ ಓಎಸ್‌ಪಿಎಫ್ ಸಂಬಂಧವೂ ಹೋಗುತ್ತದೆ.

ಎಂಟೆಕ್_ಪ್ರಾಜೆಕ್ಟ್:

ಕುಕಿ ವಿಷಯ ಇವತ್ತೇ ಸೇರಿಸುತ್ತೇನೆ. ಪೋರ್ಟ್ ಸ್ಟೇಟಸ್, ಬಿಎಫ್‌ಡಿ ಮತ್ತು ಡೆಡ್ ಇಂಟರ್ವಲ್ ಮೂರರ ಅಳತೆ ಮುಗಿದ ಮೇಲೆ ಗ್ರಾಫ್ ಮತ್ತು ಕೋಡ್ ಎರಡನ್ನೂ ಇಲ್ಲೇ ಹಾಕುತ್ತೇನೆ. ಕನ್ನಡದಲ್ಲಿ ಇಷ್ಟು ವಿವರವಾಗಿ ಹೇಳಿಕೊಟ್ಟಿದ್ದಕ್ಕೆ ಮೂವರಿಗೂ ಮನಸಾರೆ ಧನ್ಯವಾದ.